ಚೀಲದಣ್ಣ ಕೇಳಿಸಿಕೊಂಡ ಕಾದಂಬರಿ

ಬಸ್ಸುಗಳು ತಿರುಗಿ ನಿಲ್ಲುವ ಜಾಗದ ಎದುರಿಗೆ, ಕನ್ನಡಕದ ಅಂಗಡಿಗೆ ಅಂಟಿಕೊಂಡಂತೆ, ನನ್ನದೊಂದು ಬಾಡಿಗೆ ಪುಸ್ತಕದ ಅಂಗಡಿ ಬಹಳ ವರ್ಷ ನಡೆಯಿತು. ಹೊಸ ಕನ್ನಡಕ ಹಾಕಿಕೊಂಡು ಹೊರಬಂದವರು ಅದು ಸರಿಯಾಗಿ ಕಾಣಿಸುತ್ತದೋ ಇಲ್ಲವೋ ಎಂದು ನನ್ನ ಬಾಗಿಲಲ್ಲೇ ಒಂದು ಪುಸ್ತಕ ತೆರೆದು ನೋಡುವುದು ರೂಢಿಯಾಗಿತ್ತು. ಹಾಗೆ ಪರೀಕ್ಷೆಗೆಂದು ನಿಂತವರಲ್ಲಿ ಕೆಲವರು ಕಥೆಯ ಹಿಡಿತಕ್ಕೆ ಸಿಕ್ಕಿ ಸದಸ್ಯರೂ ಆಗಿಬಿಡುತ್ತಿದ್ದರು. ಆದರೆ ನನ್ನ ಓದುಗರಲ್ಲಿ ಹೆಚ್ಚಿನವರು ವಯಸ್ಸಾದವರು, ಮೆಟ್ಟಿಲು ಇಳಿಯಲಾರದವರು, ಮನೆ ಬಿಟ್ಟು ಬರಲು ಪುರುಸೊತ್ತಿಲ್ಲದವರು. ಅವರಿಗಾಗಿ ಮನೆಮನೆಗೆ ಪುಸ್ತಕ ಮುಟ್ಟಿಸುವ ಒಬ್ಬ ಆಳು ಬೇಕಾಯಿತು. ಆಗ ಬಂದವನೇ ಚೀಲದಣ್ಣ.

ಅದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಲ ಹೆಗಲಿಗೆ ಒಂದು, ಎಡ ಹೆಗಲಿಗೆ ಒಂದು ಕ್ಯಾನ್ವಾಸ್ ಚೀಲ ಹಾಕಿಕೊಂಡು ಹೋಗುತ್ತಿದ್ದ. ಬಲಗಡೆಯದರಲ್ಲಿ ಕೊಡಬೇಕಾದ ಪುಸ್ತಕ, ಎಡಗಡೆಯದರಲ್ಲಿ ಹಿಂದಕ್ಕೆ ಪಡೆದ ಪುಸ್ತಕ. ಹೊರಡುವಾಗ ಬಲಕ್ಕೆ ವಾಲಿಕೊಂಡು ಹೋದವನು ಬರುವಾಗ ಎಡಕ್ಕೆ ವಾಲಿಕೊಂಡು ಬರುತ್ತಿದ್ದ. ಅವನಿಗಿಂತ ಹಿರಿಯರೂ ಅವನನ್ನು ಅಣ್ಣ ಎಂದೇ ಕರೆದರು. ಮೊದಲು ಕಾಗದದ ಗೋದಾಮಿನಲ್ಲಿ ಹೊರೆ ಹೊತ್ತಿದ್ದನಂತೆ. ಮದುವೆಯಾಗಿರಲಿಲ್ಲ. ತಾಯಿ ಇರುವಷ್ಟು ದಿನ ಅವಳನ್ನು ನೋಡಿಕೊಂಡ, ಅವಳು ಹೋದ ಮೇಲೆ ತನ್ನನ್ನು ತಾನು ನೋಡಿಕೊಳ್ಳುವುದನ್ನು ಮರೆತ. ಅಂಗಿಯ ಗುಂಡಿ ಒಂದು ಕಡೆ, ಕಾಜ ಇನ್ನೊಂದು ಕಡೆ.

ಪುಸ್ತಕ ಹಂಚುವುದರಲ್ಲಿ ಮಾತ್ರ ಅವನದು ಎತ್ತಿದ ಕೈ. ಪುಸ್ತಕದ ಬೆನ್ನ ಮೇಲೆ ನಾನು ಅಂಟಿಸಿದ ನಂಬರು ತೋರಿಸಿ, ಇದು ಇಂಥವರ ಮನೆಗೆ ಎಂದು ಒಮ್ಮೆ ಹೇಳಿದರೆ ಸಾಕು, ತಪ್ಪುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಗುಣ, ಅವನು ಬಾಗಿಲಲ್ಲಿ ಎರಡು ಮಾತಾಡುತ್ತಿದ್ದ. ಪುಸ್ತಕ ವಾಪಸು ಕೊಡುವವರನ್ನು ಹೇಗಿತ್ತು ಎಂದು ಕೇಳುತ್ತಿದ್ದ. ಅವರು ಹೇಳಿದ್ದನ್ನು ಕಿವಿಗೊಟ್ಟು ಕೇಳಿ, ಮುಂದಿನ ಮನೆಯಲ್ಲಿ ಇನ್ನಷ್ಟು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದ. ಇದನ್ನು ಓದುತ್ತಾ ಕೆಳಗಿನ ಬೀದಿಯ ಅಮ್ಮನವರ ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು ಎಂದು ಅವನು ಹೇಳಿದರೆ ಆ ಪುಸ್ತಕಕ್ಕೆ ಜನ ಸರದಿಯಲ್ಲಿ ನಿಲ್ಲುತ್ತಿದ್ದರು. ನಾನು ಇಡೀ ಪುಸ್ತಕ ಓದಿ ಚೆನ್ನಾಗಿದೆ ಎಂದರೆ ಜನ 'ನೋಡೋಣ' ಎನ್ನುತ್ತಿದ್ದರು.

ಹಾಗಿರುವಾಗ ಅಂಗಡಿಗೆ ಒಂದು ಹೊಸ ಕಾದಂಬರಿ ಬಂತು. ಹೆಸರು 'ಮುಳುಗಿದ ಕೋಟೆಯ ಬೀಗ'. ಹೊದಿಕೆಯ ಮೇಲೆ ನೀಲಿ ನೀರು, ನೀರಿನಿಂದ ಮೇಲೆ ಬರುತ್ತಿರುವ ಒಂದು ಕೈ, ಕೈಯಲ್ಲಿ ಹಗ್ಗ. ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋದ ಒಂದು ಕೋಟೆ, ಅದರ ನೆಲಮಾಳಿಗೆಯಲ್ಲಿ ನಿಧಿ. ಕೋಟೆಯ ಕಾವಲುಗಾರನ ಮೊಮ್ಮಗಳಿಗೆ ಮಾತ್ರ ದಾರಿ ಗೊತ್ತು. ಎಲ್ಲಿಂದಲೋ ಬಂದ ಮುಳುಗುಗಾರ ಹುಡುಗ ಅವಳ ಮನಸ್ಸು ಗೆಲ್ಲುತ್ತಾನೆ. ಹಿಂದೆ ಬಿದ್ದ ದುಷ್ಟರು, ದೋಣಿಗೆ ಬೆಂಕಿ, ಎಲ್ಲ ಇದ್ದದ್ದೇ. ಕೊನೆಗೆ ಅವನು ನೀರಿಗೆ ಇಳಿದಿದ್ದಾನೆ, ಅವನ ಜೀವ ಹಿಡಿದಿರುವ ಹಗ್ಗದ ತುದಿ ಅವಳ ಕೈಯಲ್ಲಿದೆ. ಅದೇ ಹೊತ್ತಿಗೆ ಅವಳ ಸೋದರಮಾವ ಬಂದು, ಅವನು ನಿನ್ನ ತಾತನಿಗೆ ಮೋಸ ಮಾಡಿದವನ ಮಗ, ಹಗ್ಗ ಬಿಡು ಎನ್ನುತ್ತಾನೆ. ಹುಡುಗ ಅದನ್ನು ಅವಳಿಂದ ಮುಚ್ಚಿಟ್ಟಿದ್ದು ನಿಜ. ಅವಳು ಬಿಡುವುದಿಲ್ಲ.

ಆ ಹಗ್ಗ ನಮ್ಮ ಬೀದಿಗಳನ್ನು ಎರಡು ಪಾಲು ಮಾಡಿತು. ರೈಲ್ವೆಯಿಂದ ನಿವೃತ್ತರಾದ ಒಬ್ಬ ಗಾರ್ಡ್ ಇದ್ದರು. ಅವರಿಗೆ ಪ್ರೇಮದ ಗೊಡವೆ ಬೇಡ. ಇಬ್ಬರು ಸೇರಿ ಮಾಡುವ ಕೆಲಸದಲ್ಲಿ ಮೇಲಿದ್ದವರು ಕೆಳಗಿದ್ದವರಿಗೆ ಸಂಕೇತ ಕೊಡದೆ ಏನೂ ಮಾಡಕೂಡದು, ಹುಡುಗಿ ಶಿಸ್ತಿನವಳು, ಹಿಡಿದದ್ದು ಸರಿ ಎಂದರು. ಹಳೆಯ ಅಂಚೆಕಚೇರಿಯ ಹಿಂದಿನ ಮನೆಯಲ್ಲಿ ಇಬ್ಬರು ಓರಗಿತ್ತಿಯರು. ಅಡುಗೆಮನೆ ಒಂದೇ, ಅಭಿಪ್ರಾಯ ಮಾತ್ರ ಯಾವತ್ತೂ ಬೇರೆ. ದೊಡ್ಡವಳು ಕಣ್ಣೀರು ಹಾಕಿಕೊಂಡು, ಅವನು ಅವಳಿಗಾಗಿ ಎಲ್ಲವನ್ನೂ ಬಿಟ್ಟು ಬರಿಗೈಯಲ್ಲಿ ಮೇಲೆ ಬಂದನಲ್ಲ ಎಂದಳು. ಚಿಕ್ಕವಳು, ಇನ್ನೂರು ಪುಟ ಸುಳ್ಳು ಹೇಳಿದವನನ್ನು ಎರಡೇ ಪುಟದಲ್ಲಿ ಕ್ಷಮಿಸುವುದಕ್ಕೆ ಇವಳೇನು ಹುಚ್ಚಿಯೇ ಎಂದಳು. ಚೀಲದಣ್ಣ ಇವೆಲ್ಲವನ್ನೂ ಹೊತ್ತು ತಿರುಗಿದ. ಒಬ್ಬರ ವಾದಕ್ಕೆ ಇನ್ನೊಬ್ಬರ ಉತ್ತರ ತಂದ. ನಾನು ಅದೇ ಪುಸ್ತಕದ ಇನ್ನೂ ಎರಡು ಪ್ರತಿ ತರಿಸಬೇಕಾಯಿತು.

ಒಂದು ಪ್ರತಿ ಹಲ್ಲಿನಕ್ಕನ ಮನೆಗೆ ಹೋಯಿತು.

ಹಲ್ಲಿನಕ್ಕ ಕೃತಕ ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ವಾಸ, ಇನ್ನೊಂದರಲ್ಲಿ ಕೆಲಸ. ದಂತವೈದ್ಯರು ಕಳಿಸಿದ ಪ್ಲಾಸ್ಟರಿನ ಅಚ್ಚುಗಳು ಹಲಗೆಯ ಮೇಲೆ ಸಾಲಾಗಿ ಬಾಯಿ ತೆರೆದು ಕೂತಿರುತ್ತಿದ್ದವು. ಸ್ಪಿರಿಟ್ ದೀಪದ ಮೇಲೆ ಚಿಕ್ಕ ಚಾಕು ಕಾಯಿಸಿ, ಗುಲಾಬಿ ಬಣ್ಣದ ಮೇಣ ಕರಗಿಸಿ, ಅದರಲ್ಲಿ ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದಳು. ಕಡಲೆ ಇದ್ದವರಿಗೆ ಹಲ್ಲು ಕೊಡುವವಳು ನಾನು, ನನಗೆ ಕಡಲೆ ಕೊಡುವವರು ಯಾರೂ ಇಲ್ಲ ಎಂದು ತಮಾಷೆ ಮಾಡುತ್ತಿದ್ದಳಂತೆ. ಆದರೆ ನಗುತ್ತಿದ್ದದ್ದು ಕಡಿಮೆ. ಹದಿಹರೆಯ ದಾಟುತ್ತಲೇ ಮದುವೆಯಾಗಿತ್ತು. ಗಂಡ ಒಂದು ಬೆಳಿಗ್ಗೆ ಬೇರೆ ಊರಿನಲ್ಲಿ ಕೆಲಸ ನೋಡಿಕೊಂಡು ಬರುತ್ತೇನೆ ಎಂದು ಹೋದವನು ತಿರುಗಿ ಬರಲಿಲ್ಲ. ಅವಳು ಬಾಗಿಲು ನೋಡುತ್ತಾ ಎಷ್ಟೋ ಕಾಲ ಕೂತಳು. ಆಮೇಲೆ ಅವನು ಇನ್ನೊಂದು ಸಂಸಾರ ಹೂಡಿದ್ದಾನೆಂದು ತಿಳಿಯಿತು, ಕಾಗದಪತ್ರದ ಮೂಲಕ ಸಂಬಂಧವೂ ಕಡಿದುಹೋಯಿತು. ತನಗೆ ಅಳು ತರಿಸಿದ್ದು ಅವನು ಹೋದದ್ದಕ್ಕಿಂತ ಹೆಚ್ಚಾಗಿ ಆ ಕಾಯುವಿಕೆ ಎಂದು ಒಮ್ಮೆ ನನ್ನಲ್ಲಿ ಹೇಳಿದ್ದಳು. ಅಂದಿನಿಂದ ಅವಳಿಗೆ ಒಂದು ಅಭ್ಯಾಸ ಬಿದ್ದಿತ್ತು. ಯಾವ ಪುಸ್ತಕ ಕೊಟ್ಟರೂ ಮೊದಲು ಕೊನೆಯ ಪುಟ ಓದುವಳು. ಯಾರು ಉಳಿಯುತ್ತಾರೆ, ಯಾರು ಬಿಟ್ಟುಹೋಗುತ್ತಾರೆ ಎಂದು ಗೊತ್ತಾದ ಮೇಲೆಯೇ ಮೊದಲ ಪುಟಕ್ಕೆ ಬರುವಳು.

ಪುಸ್ತಕ ವಾಪಸು ಪಡೆಯಲು ಹೋದ ದಿನ ಚೀಲದಣ್ಣ ಎಂದಿನಂತೆ ಹೇಗಿತ್ತು ಎಂದು ಕೇಳಿದ. ಅವಳು ಕತ್ತೆತ್ತದೆ, ಪರವಾಗಿಲ್ಲ, ನಿಧಿಯ ಪೆಟ್ಟಿಗೆಯೂ ಸಿಕ್ಕಿತು, ಹುಡುಗನೂ ಸಿಕ್ಕಿದ, ಅವಳ ಅದೃಷ್ಟ ಎಂದಳು. ಚೀಲದಣ್ಣನಿಗೆ ಗಲಿಬಿಲಿಯಾಯಿತು. ಪೆಟ್ಟಿಗೆ ಎಲ್ಲಿ ಸಿಕ್ಕಿತು, ಅವನು ಬರಿಗೈಯಲ್ಲಿ ಬಂದನಲ್ಲ ಎಂದ. ಇಲ್ಲ ಎಂದಳು. ಹೌದು ಎಂದ. ಓರಗಿತ್ತಿಯರ ಮನೆಯ ದೊಡ್ಡವಳ ಕಣ್ಣೀರನ್ನೇ ಸಾಕ್ಷಿಗೆ ಕರೆದ. ಹಲ್ಲಿನಕ್ಕನ ಎರಡೂ ಕೈಗೆ ಪ್ಲಾಸ್ಟರ್ ಮೆತ್ತಿತ್ತು. ಮೊಣಕೈಯಿಂದ ಪುಸ್ತಕವನ್ನು ಅವನ ಕಡೆಗೆ ನೂಕಿ, ಕೊನೆಯ ಅಧ್ಯಾಯ ತೆಗೆದು ನೀವೇ ಓದಿ ನೋಡಿ ಎಂದಳು.

ಅವನು ಪುಸ್ತಕ ತೆರೆದ. ಪುಟ ನೋಡಿದ. ಅವಳು ಅವನ ಮುಖ ನೋಡಿದಳು. ಅವನ ಕಣ್ಣು ಸಾಲಿನಿಂದ ಸಾಲಿಗೆ ಹೋಗಲಿಲ್ಲ, ಪುಟದ ನಡುವೆ ಒಂದೇ ಕಡೆ ನಿಂತಿತ್ತು. ಕಿವಿಯ ತುದಿ ಕೆಂಪಾಗಿತ್ತು. ಸ್ವಲ್ಪ ಹೊತ್ತಿಗೆ ಅವನು, ಕನ್ನಡಕ ಅಂಗಡಿಯಲ್ಲೇ ಬಿಟ್ಟು ಬಂದೆ ಅನ್ನಿಸುತ್ತದೆ ಎಂದ. ಅವನಿಗೆ ಕನ್ನಡಕವೇ ಇರಲಿಲ್ಲ.

ಹಲ್ಲಿನಕ್ಕ ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು.

"ಈ ಮುದ್ರಣ ತುಂಬಾ ಸಣ್ಣದು. ನನಗೂ ಕಷ್ಟ ಆಯ್ತು. ಕೂತ್ಕೊಳ್ಳಿ, ನಾನೇ ಓದ್ತೀನಿ."

ಹೆಗಲಿನ ಚೀಲ ಇಳಿಸದೆ ಅವನು ಸ್ಟೂಲಿನ ತುದಿಯಲ್ಲಿ ಕೂತ. ಅವಳು ಕೊನೆಯ ಅಧ್ಯಾಯ ಓದಿದಳು. ಮುಗಿದ ಮೇಲೆ ಅವನು ಬಾಗಿಲವರೆಗೆ ಹೋಗಿ ನಿಂತು, ಮೊದಲಿಂದ ಓದುತ್ತೀರಾ ಎಂದು ಕೇಳಿದ. ಆ ಒಂದು ಪ್ರಶ್ನೆ ಕೇಳಲು ಅವನಿಗೆ ಎಷ್ಟು ಧೈರ್ಯ ಬೇಕಾಗಿತ್ತೆಂದು ಅವಳಿಗೆ ಅರ್ಥವಾಯಿತು. ಓದುತ್ತೇನೆ ಎಂದಳು.

ಅವತ್ತಿನಿಂದ ಚೀಲದಣ್ಣನ ದಾರಿ ಬದಲಾಯಿತು. ಸೈಕಲ್ ಅಂಗಡಿಯ ಮಹಡಿ ಮೊದಲು ಸಿಗುವ ಮನೆ. ಅವನು ಅದನ್ನು ಕೊನೆಗೆ ಇಟ್ಟುಕೊಂಡ. ಬರುವುದು ತಡವಾಗತೊಡಗಿತು. ಏಕೆಂದು ಕೇಳಿದರೆ ಬಿಸಿಲು, ಮೆಟ್ಟಿಲು, ಕಾಲುನೋವು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನಾದರೊಂದು ಹೇಳುತ್ತಿದ್ದ. ಕಾಲುನೋವಿನವನ ಅಂಗಿಗೆ ಗುಂಡಿಗಳು ಕಾಜಕ್ಕೆ ಸರಿಯಾಗಿ ಬೀಳುತ್ತಿದ್ದುದನ್ನು ನಾನು ನೋಡಿದ್ದೆ, ಆದರೆ ಎರಡಕ್ಕೂ ನಂಟು ಹಾಕಲಿಲ್ಲ.

ಅತ್ತ ಓದು ಸಾಗಿತು. ಮೇಣ ಆರುವಷ್ಟು ಹೊತ್ತು, ಪ್ಲಾಸ್ಟರ್ ಗಟ್ಟಿಯಾಗುವಷ್ಟು ಹೊತ್ತು ಅವಳು ಓದುವಳು. ಪುಸ್ತಕ ಮುಗಿದ ದಿನ ಚೀಲದಣ್ಣನ ಮುಖ ಇಳಿದುಹೋಗಿತ್ತು. ಇಷ್ಟೇನಾ ಎಂದ. ಅವಳು ಏನು ಕಡಿಮೆಯಾಯಿತು ಎಂದು ಕೇಳಿದಳು. ಅವನು, ತಾನು ಬಾಗಿಲು ಬಾಗಿಲಲ್ಲಿ ಕೇಳಿದ ಕಾದಂಬರಿ ಇದಕ್ಕಿಂತ ದೊಡ್ಡದಾಗಿತ್ತು ಎಂದ. ಗಾರ್ಡ್ ಸಾಹೇಬರು ಹೇಳಿದಾಗ ಆ ಹಗ್ಗಕ್ಕೆ ಸಂಕೇತಗಳಿದ್ದವು. ಒಮ್ಮೆ ಎಳೆದರೆ ಕ್ಷೇಮ, ಎರಡು ಸಲ ಎಳೆದರೆ ಭಯ. ಔಷಧಿ ಅಂಗಡಿಯವನ ಹೆಂಡತಿ ಹೇಳಿದಾಗ ಹುಡುಗಿಗೆ ಜ್ವರ ಇತ್ತು. ದೊಡ್ಡ ಓರಗಿತ್ತಿ ಹೇಳಿದಾಗ ಹುಡುಗ ಪೆಟ್ಟಿಗೆ ಮುಟ್ಟಿಯೂ ಅಲ್ಲೇ ಬಿಟ್ಟು ಬಂದಿದ್ದ. ಪುಸ್ತಕದಲ್ಲಿ ಇವು ಒಂದೂ ಇಲ್ಲ. ಎಲ್ಲರೂ ಒಂದೇ ಪುಸ್ತಕ ಓದಿ ಬೇರೆ ಬೇರೆ ಹೇಳಿದ್ದರು. ಇವನು ಅವೆಲ್ಲವನ್ನೂ ಹೊಲಿದು ಒಂದು ಮಾಡಿಕೊಂಡಿದ್ದ.

ಹಲ್ಲಿನಕ್ಕ ನಕ್ಕಳು. ಅಷ್ಟು ಜೋರಾಗಿ ನಕ್ಕು ಎಷ್ಟು ವರ್ಷವಾಗಿತ್ತೋ, ಕೆಳಗಿನ ಸೈಕಲ್ ಅಂಗಡಿಯವನು ತಲೆಯೆತ್ತಿ ನೋಡಿದನಂತೆ. ನಗು ನಿಂತ ಮೇಲೆ, ಹಾಗಾದರೆ ನಿಮ್ಮದನ್ನೇ ಹೇಳಿ, ಅದನ್ನು ಕೇಳಬೇಕು ನಾನು ಎಂದಳು.

ಅವನು ಹೇಳತೊಡಗಿದ. ಮೊದಮೊದಲು ನಾಚಿಕೆ, ಆಮೇಲೆ ನಾಲಿಗೆ ಸಲೀಸಾಯಿತು. ಅವನ ಕೋಟೆಯಲ್ಲಿ ನೀರು ಇಳಿದಾಗ ಮೆಟ್ಟಿಲು ಕಾಣುತ್ತಿತ್ತು, ಮೆಟ್ಟಿಲ ಮೇಲೆ ಮೀನುಗಳು ಸತ್ತು ಬಿದ್ದಿರುತ್ತಿದ್ದವು. ಅವನ ಹುಡುಗಿ ಹಗ್ಗ ಹಿಡಿದು ಕೈ ಸುಲಿದುಕೊಂಡವಳು, ಆದರೂ ಹಾಡಿಕೊಳ್ಳುವವಳು. ಅವನ ಸೋದರಮಾವ ಪೂರ್ತಿ ಕೆಟ್ಟವನಲ್ಲ, ಸೊಸೆ ಮೋಸ ಹೋಗುತ್ತಾಳೆಂದು ಹೆದರಿದ ಮುದುಕ. ಮರುದಿನಕ್ಕೆ ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಲ್ಲಿನಕ್ಕನಿಗೆ ಇದು ಹೊಸ ಸಂಕಟ. ತಿರುಗಿಸಿ ನೋಡೋಣವೆಂದರೆ ಕೊನೆಯ ಪುಟ ಇಲ್ಲ, ಅದು ಅವನ ಹೊಟ್ಟೆಯಲ್ಲಿತ್ತು. ಕೆಲಸದ ನಡುವೆ ಅವಳಿಗೆ ಹಗ್ಗವೇ ನೆನಪಾಗುತ್ತಿತ್ತು. ಆದರೂ ಈ ಕಾಯುವಿಕೆಯಲ್ಲಿ ಹಳೆಯದರ ಉರಿ ಇರಲಿಲ್ಲ. ಸಂಜೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಬಂದೇ ಬರುತ್ತಿತ್ತು.

ಒಂದು ಸಂಜೆ ಅವನು ಹುಡುಗನನ್ನು ನೀರಿಗೆ ಇಳಿಸಿ ಕಥೆ ನಿಲ್ಲಿಸಿದ. ಅವಳು ಅಚ್ಚಿನ ಮೇಲಿನ ಮೇಣದಲ್ಲಿ ಕೋರೆಹಲ್ಲು ಕೂರಿಸುತ್ತಿದ್ದಳು. ತಲೆ ತಗ್ಗಿಸಿಕೊಂಡೇ ಕೇಳಿದಳು.

"ಒಂದು ಮಾತ್ರ ಈಗಲೇ ಹೇಳಿಬಿಡಿ. ಅವಳನ್ನ ಬಿಟ್ಟು ಹೋಗ್ತಾನಾ?"

"ಇಲ್ಲ. ಹೋಗಲ್ಲ."

"ಕೊನೆ ಹೇಳಿಬಿಟ್ರಲ್ಲ. ಇನ್ನು ಕಥೆ ಕೇಳೋದರಲ್ಲಿ ಏನಿದೆ?"

"ನಿಮಗೆ ಅದೊಂದು ಮೊದಲೇ ಗೊತ್ತಿರಬೇಕಲ್ವಾ. ಮಿಕ್ಕಿದ್ದು ನಿಧಾನಕ್ಕೆ ಹೇಳ್ತೀನಿ. ಎಷ್ಟು ದಿನ ಬೇಕಾದ್ರೂ."

ಅವಳ ಚಾಕು ದೀಪದ ಮೇಲೆಯೇ ಉಳಿಯಿತು. ಮೇಣ ಗಟ್ಟಿಯಾಯಿತು. ಆ ಸೆಟ್ಟಿನ ಒಂದು ಕೋರೆಹಲ್ಲು ಓರೆಯಾಗಿ ನಿಂತು, ಡಾಕ್ಟರು ವಾಪಸು ಕಳಿಸಿದರು. ಅವಳ ಕೆಲಸದಲ್ಲಿ ಅಂಥದ್ದು ಎಂದೂ ಆದದ್ದಿಲ್ಲ. ಆ ಸಂಜೆ ಅವನಿಗೆ ಅವಳು ನಾಳೆ ಬನ್ನಿ ಎಂದಷ್ಟೇ ಹೇಳಿದಳು.

ಮರುದಿನ ಬೆಳಿಗ್ಗೆ ಹಲ್ಲಿನಕ್ಕ ನನ್ನ ಅಂಗಡಿಗೆ ಬಂದಳು. ಸದಸ್ಯಳಾದ ಮೇಲೆ ಅವಳು ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅಷ್ಟರಲ್ಲಿ ಗಾರ್ಡ್ ಸಾಹೇಬರ ಮನೆಗೂ ಓರಗಿತ್ತಿಯರ ಮನೆಗೂ ಹೋಗಿ ಬಂದಿದ್ದಳು. ಅವನನ್ನು ಮದುವೆಯಾಗುವ ವಿಷಯ ಮುಚ್ಚಿಡದೆ, ಈ ಮನುಷ್ಯ ಹೇಗೆ ಎಂದು ನೇರವಾಗಿ ಕೇಳಿಕೊಂಡು ಬಂದಿದ್ದಳು. ಕಾದಂಬರಿಗೆ ಅಭಿಪ್ರಾಯ ಕೇಳಿದ ಹಾಗೆ. ಹೊತ್ತಿಗೆ ಸರಿಯಾಗಿ ಬರುತ್ತಾನೆ, ರೈಲ್ವೆಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟಿಲ್ಲ ಎಂದರಂತೆ ಗಾರ್ಡ್ ಸಾಹೇಬರು. ಓರಗಿತ್ತಿಯರಿಬ್ಬರೂ ಆ ಮನೆಗೆ ಸೊಸೆಯರಾಗಿ ಬಂದ ಮೇಲೆ ಮೊದಲ ಸಲ ಒಂದೇ ಮಾತು ಹೇಳಿದರಂತೆ, ಒಳ್ಳೆಯವನು ಎಂದು. ಚಿಕ್ಕವಳು ಮಾತ್ರ ಅದರ ಬಾಲಕ್ಕೆ ಇನ್ನೊಂದು ಕಟ್ಟಿದಳಂತೆ. ಊರೆಲ್ಲ ಅಣ್ಣ ಅಂದರೂ ನೀನೊಬ್ಬಳು ಅವನನ್ನು ಅಣ್ಣ ಅಂದದ್ದು ಕೇಳಲಿಲ್ಲ, ಆಗಲೇ ಅಂದುಕೊಂಡೆ ಎಂದು.

ನನ್ನನ್ನು ಕೇಳಿದಾಗ ನಾನು, ಎಂಥ ಮಳೆಯಲ್ಲೂ ಒಂದು ಪುಸ್ತಕ ನೆನೆಯಲು ಬಿಟ್ಟವನಲ್ಲ, ತಾನು ತೊಪ್ಪೆಯಾಗಿ ಬಂದಿದ್ದಾನೆ ಎಂದೆ. ಅವಳಿಗೆ ಅದು ಸಾಲಲಿಲ್ಲ.

"ಒಳ್ಳೇದು ಎಲ್ಲರೂ ಹೇಳಿದ್ರು. ಕೊರತೆ ಇದ್ರೆ ಹೇಳಿ. ಓದೋಕೆ ಬರಲ್ಲ ಅನ್ನೋದೊಂದು ಬಿಟ್ಟು."

ನಾನು ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟೆ. ಯಾರಿಗೆ ಓದಲು ಬರುವುದಿಲ್ಲ ಎಂದು ಕೇಳಿದೆ. ಅವಳು ನಾಲಿಗೆ ಕಚ್ಚಿಕೊಂಡಳು. ನನಗೆ ಗೊತ್ತಿರುತ್ತದೆ ಎಂದುಕೊಂಡಿದ್ದಳು. ಇಷ್ಟು ವರ್ಷ ನನ್ನ ಓದುಗರು ಏನು ಓದಬೇಕೆಂದು ತೀರ್ಮಾನಿಸಿದವನಿಗೂ ಅಕ್ಷರಕ್ಕೂ ಎಣ್ಣೆ ಸೀಗೆಕಾಯಿ! ನಂಬರು ಬಲ್ಲ, ಹೊದಿಕೆಯ ಚಿತ್ರ ಬಲ್ಲ, ಜನರ ಮುಖ ಬಲ್ಲ. ಅದರಲ್ಲೇ ದಾರಿ ಕಂಡುಕೊಂಡಿದ್ದ. ನನಗೆ ಮೊದಲು ಬೆರಗು, ಆಮೇಲೆ ನಗು, ಅದರ ಹಿಂದೆ ಒಂದು ಬಗೆಯ ಸಂಕಟ. ದಿನವೂ ನನ್ನೆದುರು ಎಷ್ಟು ಹೆದರಿಕೊಂಡು ನಿಂತಿದ್ದನೋ. ಅವಳಿಗೆ ಹೇಳಿದೆ, ಬೇರೆ ಕೊರತೆ ನನಗೆ ಕಂಡಿಲ್ಲ, ಇದನ್ನು ಕೊರತೆ ಎನ್ನಲು ನನಗೆ ಬಾಯಿಲ್ಲ ಎಂದು. ಅವಳ ಮುಖ ಸಡಿಲವಾಯಿತು. ಇಳಿದು ಹೋದವಳು ನೇರ ಮನೆಗೆ ಹೋಗಿ, ಕೆಲಸದ ಕೋಣೆಯ ಕಿಟಕಿಯ ಬಳಿಗೆ ಒಂದು ಒಳ್ಳೆಯ ಕುರ್ಚಿ ತಂದು ಹಾಕಿದಳಂತೆ. ಸಂಜೆ ಅವನು ಬಂದಾಗ ಸ್ಟೂಲು ಇರಲಿಲ್ಲ. ಎಲ್ಲಿ ಕೂರಲಿ ಎಂದು ನೋಡಿದ. ಕುರ್ಚಿ ತೋರಿಸಿದಳು. ನಿನ್ನೆಯ ಮಾತಿಗೆ ಅದೇ ಉತ್ತರ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಕೆಲವು ದಿನ ಬಿಟ್ಟು ಅವನೇ ನನ್ನ ಬಳಿ ಬಂದು ಸತ್ಯ ಹೇಳಿದ. ಚೀಲಗಳೆರಡನ್ನೂ ಖಾಲಿ ಮಾಡಿ ಮಡಿಸಿ ಮೇಜಿನ ಮೇಲೆ ಇಟ್ಟಿದ್ದ.

"ಅಮ್ಮಾ, ನಾನು ಕೆಲಸ ಬಿಡಬೇಕಾ?"

"ನೀನು ಬಿಟ್ರೆ ಓದುಗರು ನನ್ನ ಬಿಡ್ತಾರಾ? ಚೀಲ ಎತ್ಕೋ. ಗಾರ್ಡ್ ಸಾಹೇಬ್ರು ಕಾಯ್ತಿದಾರೆ."

ಮದುವೆ ನೋಂದಣಿ ಕಚೇರಿಯಲ್ಲಿ ಆಯಿತು. ಅದಕ್ಕೆ ಮುಂಚೆ ಅವನು ಒಂದೇ ಹಟ ಹಿಡಿದ, ಹೆಬ್ಬೆಟ್ಟು ಒತ್ತುವುದಿಲ್ಲ ಎಂದು. ಹಲ್ಲಿನಕ್ಕ ಮೇಣದ ಹಾಳೆಯ ಮೇಲೆ ಚಾಕುವಿನ ಮೊನೆಯಿಂದ ಅವನ ಹೆಸರು ಕೊರೆದುಕೊಟ್ಟಳು. ಅವನು ಅದರ ಮೇಲೆ ಬೆರಳಾಡಿಸಿ ಆಡಿಸಿ ಕಲಿತ. ತಪ್ಪಿದರೆ ದೀಪದ ಮೇಲೆ ಹಿಡಿದರಾಯಿತು, ಅಕ್ಷರ ಕರಗಿ ಮತ್ತೆ ಹೊಸ ಹಾಳೆ. ಕಚೇರಿಯಲ್ಲಿ ಸಹಿ ಹಾಕುವಾಗ ಅವನು ಹಣೆಯ ಬೆವರು ಒರೆಸಿಕೊಂಡದ್ದನ್ನೂ, ಅಧಿಕಾರಿ ಬೇಗ ಎಂದದ್ದಕ್ಕೆ ಗಾರ್ಡ್ ಸಾಹೇಬರು, ಗಾಡಿ ಹೊರಡಲು ನಾವಿನ್ನೂ ಹಸಿರು ಬಾವುಟ ತೋರಿಸಿಲ್ಲ ಎಂದದ್ದನ್ನೂ ನಾನು ಸಾಕ್ಷಿಯಾಗಿ ಪಕ್ಕದಲ್ಲೇ ನಿಂತು ನೋಡಿದೆ. ಸಹಿ ಗೆರೆಯಿಂದ ಸ್ವಲ್ಪ ಮೇಲಕ್ಕೆ ಹತ್ತಿತ್ತು. ಅವಳು ಅದರ ಕೆಳಗೆ ತನ್ನದನ್ನು ಬರೆದಳು.

ಹೆಸರು ಬಂದ ಮೇಲೆ ಮಿಕ್ಕ ಅಕ್ಷರಗಳೂ ಒಂದೊಂದಾಗಿ ಬಂದವು. ನಿಧಾನಕ್ಕೆ, ಕೂಡಿಸಿ ಕೂಡಿಸಿ ಓದುವಷ್ಟಾಯಿತು. ಅವನು ತಾನಾಗಿ ಓದಿ ಮುಗಿಸಿದ ಮೊದಲ ಪುಸ್ತಕ ಕಪ್ಪೆಗಳ ಬಗ್ಗೆ ಮಕ್ಕಳಿಗಾಗಿ ಬರೆದದ್ದು. ವಾಪಸು ಕೊಡುವಾಗ ನಾನು ಹೇಗಿತ್ತು ಎಂದು ಕೇಳಿದೆ. ಯಾರೂ ಹೇಳಿಕೊಡದೆ ಅವನು ಕೊಟ್ಟ ಮೊದಲ ಅಭಿಪ್ರಾಯವದು. ಅಷ್ಟೇನೂ ಚೆನ್ನಾಗಿಲ್ಲ ಎಂದ. ಹೇಳಿ, ಇಂಥದ್ದನ್ನು ಹೇಳುವ ಹಕ್ಕು ತನಗೂ ಬಂತಲ್ಲ ಎಂದು ಖುಷಿಯಾಗಿ ನಕ್ಕ.

ಕಾಲಕ್ರಮದಲ್ಲಿ ನನ್ನ ಅಂಗಡಿ ಮುಚ್ಚಿತು. ಜನಕ್ಕೆ ಕಥೆ ಕೈಯೊಳಗಿನ ಫೋನಿನಲ್ಲೇ ಸಿಗತೊಡಗಿತು. ಗಾರ್ಡ್ ಸಾಹೇಬರು ಹೋದರು. ಓರಗಿತ್ತಿಯರು ಈಗಲೂ ಒಂದೇ ಅಡುಗೆಮನೆಯಲ್ಲಿ ಜಗಳವಾಡಿಕೊಂಡು ಚೆನ್ನಾಗಿದ್ದಾರೆ. ಚೀಲದಣ್ಣ ಹೆಂಡತಿಯ ಕೆಲಸಕ್ಕೆ ಕೈಜೋಡಿಸಿದ. ತಯಾರಾದ ಸೆಟ್ಟುಗಳನ್ನು ಡಾಕ್ಟರುಗಳಿಗೆ ಮುಟ್ಟಿಸಿ, ಹೊಸ ಅಚ್ಚು ತರುವುದು ಅವನದೇ ಪಾಲು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಮೆಟ್ಟಿಲಲ್ಲೇ ಅವಳ ಧ್ವನಿ ಕೇಳಿಸಿತು, ಪತ್ರಿಕೆ ಓದುತ್ತಿದ್ದಳು. ನಡುನಡುವೆ ಅವನು ಅದು ಹಾಗಲ್ಲ, ಹೀಗಾಗಿರಬೇಕು ಎಂದು ವರದಿಯನ್ನೇ ತಿದ್ದುತ್ತಿದ್ದ. ನನ್ನನ್ನು ಕಂಡು ಅವಳು ಪತ್ರಿಕೆ ಮಡಿಸಿದಳು. ಇವರಿಗೀಗ ಚೆನ್ನಾಗಿ ಓದಲು ಬರುತ್ತದೆ, ಆದರೂ ದಿನವೂ ನನ್ನ ಬಾಯಿಂದಲೇ ಆಗಬೇಕು, ನನ್ನ ಗಂಟಲಿಗೆ ಬಿಡುವಿಲ್ಲ ಎಂದು ದೂರಿದಳು. ಅವನು ಕಿಟಕಿಯ ಪಕ್ಕದ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು, ತಾನು ನೆಲದ ಮೇಲೆ ಅವಳ ಕಾಲ ಬಳಿ ಕೂತು, ಎಲ್ಲಿಗೆ ನಿಲ್ಲಿಸಿದ್ದೆ, ಮುಂದೆ ಓದು ಎಂದ.